ಆರಿಸಿದ್ದು

ಸಾರೆಮಾ ದ್ವೀಪದಿಂದ ಹಿಲ್ಲರ್ ಬರೆದದ್ದು ಎರಡೇ ಸಾಲು:
'ನಾನು ಆರಿಸಿದ್ದೆ.
ನೀವು ಹೊತ್ತಿಸಿದಿರಿ.'
ಕೆಳಗೆ ಆವೃತ್ತಿಯ ಸಂಖ್ಯೆ,
ಹೊತ್ತು: ಬೆಳಗಿನ ಜಾವ ಮೂರು ಹನ್ನೆರಡು.

ಯಾರ ತಲೆಯ ಮೇಲೂ ಗೂಬೆ ಕೂರಿಸುವ ಮನುಷ್ಯನಲ್ಲ.
ಗೂಬೆ ಕೂತದ್ದು ಬರ್ಚ್ ಮರದ ಕವಲಿಗೆ
ಅವನೇ ಬಿಗಿದ ಹಲಗೆಪೆಟ್ಟಿಗೆಯಲ್ಲಿ,
ಮೂರು ಮೊಟ್ಟೆಯ ಮೇಲೆ.
ಒಳಗೊಂದು ಕ್ಯಾಮೆರಾ, ಒಂದು ಪುಟ್ಟ ದೀಪ.
ಸೌದೆಮನೆಯಲ್ಲಿ ಹಳೆಯ ಕಂಪ್ಯೂಟರು, ಲಿನಕ್ಸು,
ದೀಪ ಉರಿಸಲೆಂದೇ ಒಂದು ಸೇವೆ.
ಏಪ್ರಿಲ್ ಮೊದಲ ವಾರ ಅದನ್ನು ನಿಲ್ಲಿಸಿದ್ದ.
ಬರೀ ನಿಲ್ಲಿಸಿದ್ದಲ್ಲ,
ಯಂತ್ರ ಮತ್ತೆ ಎದ್ದರೂ ಇದು ಏಳಕೂಡದು
ಎಂದು ಬರೆದಿಟ್ಟಿದ್ದ.
ದೀಪ ಆರಿಸಿದ್ದ,
ಕತ್ತಲನ್ನು ಆರಿಸಿದ್ದ.

ತಾರ್ತುವಿನ ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ
ಲೇಲೊ ಓದುತ್ತಾಳೆ. ಕಪ್ಪು ಬ್ರೆಡ್ಡಿನ ಚೂರು ಕೀಲಿಮಣೆಯ ಸಂದಿಯಲ್ಲಿ.
ಆ ಪ್ಯಾಕೇಜನ್ನು ಸಂಬಳವಿಲ್ಲದೆ ಸಾಕಿ ಒಂಬತ್ತು ವರ್ಷ.
ಮೊದಲು ಬೇರೆ ತಲೆ ಹುಡುಕಿದಳು,
ಗೂಬೆಗೊಂದು ತಲೆ ಬೇಕಲ್ಲ.
ಸ್ಕ್ರಿಪ್ಟಿನ ಕೊನೆಯ ಸಾಲು:
ಸೇವೆಯನ್ನು ಸಕ್ರಿಯಗೊಳಿಸು, ಶುರುಮಾಡು.
ಪಕ್ಕದಲ್ಲಿ ಅವಳದೇ ಹೆಸರು, ಆರು ವರ್ಷದ ಹಿಂದಿನ ತಾರೀಖು.
ಯಾರೋ ಹೊಸಬ ಅಂದು ಗೊಣಗಿದ್ದ:
ಹಾಕಿಕೊಂಡೆ, ಹತ್ತಲೇ ಇಲ್ಲ.
ಅವನಿಗಾಗಿ ಬರೆದದ್ದು.
ಹೊಸಬನೋ ಹಳಬನೋ ಎಂದು
ಆ ಸಾಲು ಕೇಳುವುದಿಲ್ಲ. ಅವಳೂ ಕೇಳಿರಲಿಲ್ಲ.

ಕಳೆದ ಚಳಿಗಾಲ ರೇಡಿಯೇಟರ್ ಬದಲಿಸಲು ಬಂದವನು
ಅವಳು ಕಾಗದದ ಪಟ್ಟಿ ಅಂಟಿಸಿ ಮುಚ್ಚಿದ್ದ ಕಿಟಕಿಯನ್ನು
ಪರ್ರೆಂದು ಕಿತ್ತು ತೆರೆದು
ಒಂದಿಷ್ಟು ಗಾಳಿ ಬರಲಿ ಎಂದಿದ್ದ.
ಒಳ್ಳೆಯ ಮನುಷ್ಯ.
ಆ ಒಳ್ಳೆಯತನದ ಚಳಿ
ಮಾರ್ಚಿನವರೆಗೂ ಮೂಳೆಯಲ್ಲಿತ್ತು.

ರಾತ್ರಿ ಹನ್ನೊಂದಕ್ಕೆ ಶುರುಮಾಡಿದಳು.
ಮೊದಲ ಸಲವೇ? ಹಚ್ಚು.
ಅಲ್ಲವೇ? ಹಳೆಯದನ್ನು ತೆಗೆಯುವ ಮುನ್ನ
ಹೇಗಿತ್ತು ನೋಡು, ಹಾಗೇ ಬಿಟ್ಟು ಬಾ.
ದೀಪದ ಬೆಳಕು ಅರವತ್ತೆಂದು ಅವಳ ಕಡತ,
ನಾಲ್ಕೆಂದು ಅವನ ಕಡತ.
ನಿನ್ನದನ್ನು ಪಕ್ಕದಲ್ಲಿಡು, ಅವನದನ್ನು ಮುಟ್ಟಬೇಡ.
ಪರೀಕ್ಷಾಯಂತ್ರದಲ್ಲಿ ಹಚ್ಚಿಟ್ಟು ನೋಡಿದಳು,
ಆರಿಸಿಟ್ಟು ನೋಡಿದಳು,
ಬೀಗವನ್ನೇ ಜಡಿದು ನೋಡಿದಳು,
ಇವತ್ತಿಗೆ ಮಾತ್ರ ನಿಲ್ಲಿಸಿ, ನಾಳೆಗೆ ಏನೂ ಹೇಳದವನ ಹಾಗೂ
ನಡೆದುಕೊಂಡು ನೋಡಿದಳು.
ಅಲ್ಲೊಂದು ಕಡೆ ಎಡವಿತು. ಮತ್ತೆ ಬರೆದಳು.

ಬದಲಾವಣೆಯ ಪಟ್ಟಿಗೆ ಒಂದು ಸಾಲು ಸೇರಿಸಬೇಕು.
'ಬಳಕೆದಾರರ ಆಯ್ಕೆಯನ್ನು ಉಳಿಸಲಾಗಿದೆ.'
ಉಳಿಸಲಾಗಿದೆ!
ಅವಳೇನು ಉಳಿಸಿದಳು, ಕೈ ಹಿಂದೆಗೆದಳು ಅಷ್ಟೆ.
ಅಳಿಸಿ ಬರೆದಳು:
'ಆರಿಸಿದ್ದನ್ನು ಇನ್ನು ಮುಂದೆ ಹಚ್ಚುವುದಿಲ್ಲ.'

ಹಿಲ್ಲರನಿಗೆ ಕ್ಷಮೆ ಕೇಳಿ, ಕೊನೆಗೆ ಕೇಳಿದಳು:
ಮೊಟ್ಟೆಗಳು?

ನಾಲ್ಕು ದಿನ ಬಿಟ್ಟು ಉತ್ತರ:
'ಅಪ್‌ಗ್ರೇಡ್ ಮಾಡಿದೆ. ಕತ್ತಲಿದೆ.'
ಜೊತೆಗೆ ಹನ್ನೊಂದು ನಿಮಿಷದ ಒಂದು ಚಿತ್ರ,
ಪೂರಾ ಕಪ್ಪು.
ಅವಳು ಅಡುಗೆಮನೆಯ ದೀಪ ಆರಿಸಿ ಕೂತು
ಕಿವಿಗಿಟ್ಟು ಕೇಳಿದಳು, ಎರಡು ಸಲ.
ಏಳನೇ ನಿಮಿಷದ ಹತ್ತಿರ
ಒಣಚಕ್ಕೆ ಸರಿದ ಹಾಗೆ ಒಂದು ಸದ್ದು.
ಗಾಳಿಯೂ ಇರಬಹುದು.