ಕೈಯ ಹಿಂಬದಿ

ಏಪ್ರಿಲ್ ಮೂರನೆಯ ವಾರ. ಬಸ್ರಾದಲ್ಲಿ ಇನ್ನೂ
ಬಾಗಿಲ ಹಿಡಿಕೆ ಮುಟ್ಟಿದರೆ ಸುಡುವುದಿಲ್ಲ.
ಅಮ್ಮ ಮೇನ್ ಸ್ವಿಚ್ ಇಳಿಸುತ್ತಾಳೆ.
ಟೆಸ್ಟರ್ ಇಟ್ಟು ನೋಡುತ್ತಾಳೆ, ಮತ್ತೊಮ್ಮೆ ನೋಡುತ್ತಾಳೆ,
ಸತ್ತ ಹಾವನ್ನು ಕೋಲಿನಿಂದ ತಿರುವುವವರ ಹಾಗೆ.
ಆಮೇಲೆ ನನ್ನತ್ತ ಕೈ ಚಾಚುತ್ತಾಳೆ:
ಸ್ಕ್ರೂಡ್ರೈವರ್. ಹಳದಿ ಹಿಡಿಯದು. ಅದಲ್ಲ, ಅದು.

ವರ್ಷವಿಡೀ ಕಾದು, ಆರಿ, ಸಡಿಲಾದ ಸ್ಕ್ರೂಗಳು
ಒಂದೊಂದೂ ಕಾಲು ಸುತ್ತು ಬಿಗಿಯುತ್ತವೆ.
"ಸಡಿಲ ಇದ್ದಲ್ಲೇ ಬಿಸಿ" ಎನ್ನುತ್ತಾಳೆ.
ತಂತಿಯ ಮಾತೋ, ನನ್ನ ಚಿಕ್ಕಪ್ಪನ ಮಾತೋ,
ಕೇಳುವ ಧೈರ್ಯ ನನಗಿಲ್ಲ.

ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದ ವರ್ಷಗಳಲ್ಲಿ
ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಸುರುಳಿ ಸುತ್ತಿದವಳು ಅವಳು.
ಪಕ್ಕದ ಮಣೆಯಲ್ಲಿ ಸಾಹಿರಾ, ಹತ್ತೊಂಬತ್ತು ವರ್ಷ,
ಬಿಸಿಯಾಗಿದೆಯೇ ಎಂದು ಅಂಗೈಯಿಂದ ಮುಟ್ಟಿದಳು.
ಕರೆಂಟು ಹೊಡೆದರೆ ಅಂಗೈ ಮುಚ್ಚಿಕೊಳ್ಳುತ್ತದೆ.
ಹಿಡಿದದ್ದನ್ನು ಬಿಡುವುದಿಲ್ಲ.
ಅಷ್ಟೇ ಹೇಳಿ ಅಮ್ಮ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಾಳೆ,
ಮೂರು ಚಮಚ, ಕಲಕದೆ.

ಮೇ ಹೊತ್ತಿಗೆ ಓಣಿಯಿಡೀ ಅವಳನ್ನು ಕರೆಯುತ್ತದೆ.
ಉಮ್ಮ್ ಗಝ್ವಾನಳ ಮನೆಯಲ್ಲಿ ಒಂದೇ ಪ್ಲಗ್ಗಿಗೆ
ಫ್ರಿಜ್ಜು, ಏಸಿ, ನೀರು ಕಾಯಿಸುವ ಕೆಟಲ್ಲು:
ಒಂದೇ ಹೆಗಲಿಗೆ ಮೂರು ನೊಗ.
ವೈರು ಜಮಖಾನೆಯ ಅಡಿಯಲ್ಲಿ ನುಸುಳಿ ಹೋಗಿದೆ,
ಅದರ ಮೇಲೆಯೇ ಮಕ್ಕಳ ಹಾಸಿಗೆ.
"ಕಾಣಬಾರದೆಂದು ಮುಚ್ಚಿಟ್ಟೆ, ಚೆಂದ ಕಾಣಲೆಂದು."
"ಕಾಣಲಿ" ಎಂದಳು ಅಮ್ಮ. "ಕುರೂಪವಾಗಿ ಕಾಣಲಿ."

ಕೇಳಿದವರು ಕೆಲವರು. ಉಳಿದವರು
ಬೆಂಕಿ ಬಿದ್ದಾಗ ಬಾವಿ ತೋಡುವವರು.

ಜುಲೈ. ಸರ್ಕಾರದ ಕರೆಂಟು ಹೋಗುತ್ತದೆ,
ಮೂಲೆಯಲ್ಲಿ ಜಾಸಿಬನ ಜನರೇಟರು ಕೆಮ್ಮಿ ಏಳುತ್ತದೆ.
ಅವನು ಆಂಪಿಯರ್ ಮಾರುತ್ತಾನೆ, ಬೇರೆಯವರು ಖರ್ಜೂರ ಮಾರಿದಂತೆ;
ತಿಂಗಳ ಮೊದಲ ದಿನ ದುಡ್ಡು, ಸಾಲ ಇಲ್ಲ.
ಗಝ್ವಾನನ ಫ್ಯೂಸು ದಿನಕ್ಕೆ ನಾಲ್ಕು ಬಾರಿ ಹಾರಿತು.
ಐದನೆಯ ಸಲ ಅವನು, ಇಪ್ಪತ್ತರ ಹುಡುಗ,
ಕಿರುಬೆರಳ ದಪ್ಪದ ತಾಮ್ರ ಹೊಸೆದು ಸಿಕ್ಕಿಸಿದ.
ಆ ರಾತ್ರಿ ಏನೂ ಹಾರಲಿಲ್ಲ.
ಆ ಮನೆಯಲ್ಲಿ ಎಲ್ಲರೂ ತಣ್ಣಗೆ ಮಲಗಿದರು.

ಮೂರು ಗಂಟೆಗೆ ಗೋಡೆಯೊಳಗಿಂದ
ಮೀನು ಸುಡುವ ವಾಸನೆ.
ಬೇರೆ ಊರಾಗಿದ್ದರೆ ಗಾಬರಿಯಾಗುತ್ತಿದ್ದರೇನೋ.
ಬಸ್ರಾದಲ್ಲಿ ಮೀನು ಸುಟ್ಟರೆ ಯಾರು ಏಳುತ್ತಾರೆ?
ಎದ್ದದ್ದು ಬೆಕ್ಕು.
ಗೋಡೆ ಮೂಸಿ ಮೂಸಿ, ಸಿಗದ ಮೀನಿಗಾಗಿ
ಓಣಿಗೆಲ್ಲ ಕೇಳುವಂತೆ ಕೂಗಿತು.

ಪರದೆ ಹೋಯಿತು, ಕಪಾಟು ಹೋಯಿತು,
ಗಝ್ವಾನನ ಹುಬ್ಬು ಹೋಯಿತು. ಜೀವ ಹೋಗಲಿಲ್ಲ.
ಅಮ್ಮ ಬೈಯಲಿಲ್ಲ. ಕರಿ ಗೋಡೆಯ ಮುಂದೆ ಕೂತು
ಕೂದಲೆಳೆಯಂಥ ಫ್ಯೂಸ್ ತಂತಿ ಬೆಳಕಿಗೆ ಹಿಡಿದಳು:
"ಮನೆಯಲ್ಲಿ ಎಲ್ಲರಿಗಿಂತ ಬಡಕಲು ಇದೇ ಆಗಿರಬೇಕು.
ಮೊದಲು ಸಾಯುವುದೇ ಇದರ ಕೆಲಸ.
ಇದನ್ನು ಗಟ್ಟಿ ಮಾಡಿದೆಯೋ,
ಸರದಿ ನಿನ್ನದು."

ಈಗ ಆಗಸ್ಟ್. ನೆರಳಿನಲ್ಲೇ ಐವತ್ತು.
ಮಧ್ಯಾಹ್ನ ಅವಳು ಬರಿಗಾಲಲ್ಲಲ್ಲ, ರಬ್ಬರಿನ ಚಪ್ಪಲಿಯಲ್ಲಿ
ಕೋಣೆಯಿಂದ ಕೋಣೆಗೆ ಹೋಗುತ್ತಾಳೆ.
ಪ್ಲಗ್ಗಿನ ಕೆನ್ನೆಗೆ, ಸ್ವಿಚ್ಚಿನ ಹಣೆಗೆ
ಕೈಯ ಹಿಂಬದಿ ತಾಗಿಸುತ್ತಾಳೆ.
ಹಿಡಿಯಲು ಬಾರದ ಕಡೆ ಅದು. ಬಿಟ್ಟುಬಿಡಲು ಮಾತ್ರ ಬಲ್ಲದು.
ದಾರಿಯಲ್ಲಿ ನಾನು ಸಿಕ್ಕರೆ ನನ್ನ ಹಣೆಗೂ, ಹಾಗೆಯೇ.
ಚಿಕ್ಕವಳಿದ್ದಾಗ ಬೇಸರವಾಗುತ್ತಿತ್ತು:
ಎಲ್ಲರ ತಾಯಂದಿರು ಅಂಗೈ ಇಡುತ್ತಿದ್ದರು.

ಜಾಸಿಬನ ಯಂತ್ರ ನಿಂತಿತು. ಬಲ್ಬು ಮಿನುಗಿತು,
ಸರ್ಕಾರದ ಕರೆಂಟು ಬಂತು. ಓಣಿಯಿಡೀ ಹೋ ಎಂದಿತು,
ನೂರು ಕೈಗಳು ನೂರು ಏಸಿಗಳ ಕಡೆಗೆ.
ನನ್ನದೂ ಎದ್ದಿತ್ತು.
"ಕೂತುಕೋ. ಐದು ನಿಮಿಷ. ಅದು ನೆಲೆಯಾಗಲಿ."
ಬೆವರು ಗಲ್ಲದಿಂದ ತೊಟ್ಟಿಕ್ಕುತ್ತದೆ.
ಗಡಿಯಾರ ನೋಡದೆ ಅವಳು ಎಣಿಸುತ್ತಾಳೆ,
ಕಾರ್ಖಾನೆಯಲ್ಲಿ ಸುತ್ತುಗಳನ್ನು ಎಣಿಸಿದಂತೆ,
ಇನ್ನೂರ ಎಂಬತ್ತು, ಇನ್ನೂರ ಎಂಬತ್ತೊಂದು.