ಬರ್ತೀನಿ

ಹೊರಡುವಾಗ ಬರ್ತೀನಿ ಅನ್ನುವ ಭಾಷೆ ನಮ್ಮದು.
ಅಂಗಡಿ ಕಟ್ಟೆಯಿಂದ ಏಳುವಾಗ, ಬಸ್ಸಿನ ಕಿಟಕಿಯಿಂದ,
ಸಾವಿನ ಮನೆಯೊಂದನ್ನು ಬಿಟ್ಟು
ಎಲ್ಲೆಲ್ಲೂ ಅದೇ.
ನಾನೂ ಹಾಗೇ ಅಂದಿದ್ದೆ
ಚಪ್ಪಲಿಗೆ ಕಾಲು ತೂರಿಸುತ್ತ,
ಅರಸೀಕೆರೆಯ ಕೊಬ್ಬರಿ ಮಂಡಿಯ ಹಿಂದೆ
ಹಮಾಲರ ಸಂಘದ ತಗಡಿನ ಕೋಣೆಯಲ್ಲಿ.

ಶುರುವಾದದ್ದು ನನ್ನಿಂದಲೇ.
ಸೊಸೈಟಿ ಬ್ಯಾಂಕಿನ ಕೌಂಟರಿನಲ್ಲಿ
ದಸ್ತಗೀರರ ಹೆಬ್ಬೆರಳು ಹಿಡಿದು ಒತ್ತಿದರೆ
ಗೆರೆಗಳೆಲ್ಲ ಮೂಟೆಗೆ ಸವೆದು
ಕಾಗದದ ಮೇಲೆ ಬರೀ ಒಂದು ನೇರಳೆ ಮೋಡ.
ಮೂರು ಸಲ ಒತ್ತಿದೆ. ಮೂರು ಮೋಡ.
ಬುಧವಾರ ಸಂಜೆ ನಾನೇ ಬಂದು ರುಜು ಕಲಿಸ್ತೀನಿ, ಅಂದೆ,
ಸಾಲಿನಲ್ಲಿದ್ದವರಿಗೆಲ್ಲ ಕೇಳಿಸುವಷ್ಟು ಜೋರಾಗಿ.

ಏಳು ಬುಧವಾರ ಹೋದೆ.
ಸ್ವರ ಮುಗಿಯಿತು. ಕಾಗುಣಿತವೂ ಕುಂಟುತ್ತ ಮುಗಿಯಿತು.
ಎಂಟನೆಯದು ಒತ್ತಕ್ಷರ.
ಅವತ್ತು ನಾದಿನಿ ಬಂದಿದ್ದಳು,
ಹಲಸಿನ ಹಪ್ಪಳ ಕರಿಯುತ್ತಿದ್ದೆವು,
ಮಳೆ ಬರುವ ಹಾಗಿತ್ತು, ಬರಲಿಲ್ಲ,
ನಾನೂ ಹೋಗಲಿಲ್ಲ.
ಸಂಬಳವಿಲ್ಲದ ಕೆಲಸ,
ಯಾರ ಗಂಟು ಹೋಗುತ್ತೆ.

ಮುಂದಿನ ವಾರ ಹೋದರೆ
ಬೋರ್ಡಿನ ಮೇಲೆ ಕಳೆದ ವಾರದ ತಾರೀಖು,
ಅದರ ಕೆಳಗೆ ಬಟ್ಟಲಿನಷ್ಟು ದೊಡ್ಡ ಅಕ್ಷರದಲ್ಲಿ
ಬರತೀನಿ.
ಒತ್ತಿಲ್ಲ.

ಲಕ್ಕಮ್ಮ ಸೆರಗಿನಲ್ಲಿ ನಕ್ಕಳು.
‘ಕಾಯ್ತಾ ಕೂತು ಏನ್ಮಾಡದು ಮೇಡಂ,
ನೀವು ಹೋಗೋವಾಗ ಅಂದಿದ್ದನ್ನೇ
ಬರ್ದು ನೋಡಿದ್ವಿ. ಸರಿ ಐತಾ?’

ದಸ್ತಗೀರ್ ಅಂಗೈಯ ನಾರು ಉಜ್ಜಿಕೊಳ್ಳುತ್ತ
ಹವಾ ಹೇಗಿದೆ ಅಂತ ಹೇಳುವವರ ಹಾಗೆ ಹೇಳಿದರು:
‘ಅವತ್ತು ಡೆಲ್ಲಿ ಲಾರಿ ಬಂದಿತ್ತು.
ಇನ್ನೂರ ನಲವತ್ತು ಚೀಲ.
ಕ್ಲಾಸು ಐತೆ ಅಂತ ಬೇರೆ ಗ್ಯಾಂಗಿಗೆ ಬಿಟ್ಕೊಟ್ವಿ.’

ದೂರಲಿಲ್ಲ. ದೂರಿದ್ದರೆ ಉತ್ತರ ಇತ್ತು.
ಹಪ್ಪಳದ್ದಲ್ಲ, ಬೇರೆ ಯಾವುದಾದರೂ.

ಗುಮಾಸ್ತೆಯ ತಲೆ ಸುಮ್ಮನಿರುತ್ತದೆಯೇ,
ಚೀಲಕ್ಕೆ ಎಂಟರ ಹಾಗೆ, ಆರು ಜನಕ್ಕೆ,
ತಲಾ ಮುನ್ನೂರ ಇಪ್ಪತ್ತು.
ಪುಕ್ಕಟೆ ಕಲಿಸುತ್ತೇನೆ ಅಂದುಕೊಂಡಿದ್ದೆನಲ್ಲ,
ಇಷ್ಟು ದಿನ ಫೀಸು ಕಟ್ಟಿಸಿಕೊಂಡಿದ್ದೆ
ರಸೀದಿ ಕೊಡದೆ.

ಸೀಮೆಸುಣ್ಣ ತಗೊಂಡು ಅರ್ಕಾವೊತ್ತು ಹಾಕಿ ತೋರಿಸಿದೆ.
‘ನೋಡಿ, ಇದೊಂದು ವಿಚಿತ್ರ.
ಬಾಯಲ್ಲಿ ಮೊದಲು ಹೇಳ್ತೀವಿ,
ಬಂದು ನಿಲ್ಲೋದು ಆಮೇಲೆ.’

‘ಆಮೇಲಾದ್ರೂ ಬತ್ತದಲ್ಲ ಬಿಡಿ,’
ಅಂದಳು ಲಕ್ಕಮ್ಮ.
ಕೋಣೆಯೆಲ್ಲ ನಕ್ಕಿತು. ನಾನೂ ನಗಬೇಕಾಯಿತು.
ಸ್ಲೇಟುಗಳ ಮೇಲೆ ಆ ಒಂದು ಕೊಕ್ಕೆ
ಬಾಗಿ, ನೆಟ್ಟಗಾಗಿ, ಮತ್ತೆ ಬಾಗಿ
ಜಾಗ ಹುಡುಕುತ್ತಿತ್ತು.

ಹೋದ ತಿಂಗಳು ಚಳಿಜ್ವರ, ಏಳಲಾಗಲಿಲ್ಲ.
ಬುಧವಾರ ಬೆಳಗ್ಗೆ ಎಂಟಕ್ಕೇ
ಮಂಡಿ ಎದುರಿನ ಟೀ ಅಂಗಡಿಯ ನಂಜೇಶನಿಗೆ ಫೋನು ಮಾಡಿದೆ.
ಹಲ್ಲು ಕಟಕಟ ಅನ್ನುತ್ತಿತ್ತು,
ಎರಡು ಸಲ ಹೇಳಬೇಕಾಯಿತು:
ಇವತ್ತು ಆಗೋದಿಲ್ಲ ಅಂತ ತಿಳಿಸಪ್ಪ.
ಲಾರಿ ಬಂದರೆ
ಬಿಡಬೇಡಿ ಅನ್ನು.