ಏರಲು ಇಪ್ಪತ್ತು ತೆತ್ರಿ

ತ್ಬಿಲಿಸಿಯ ಈ ಲಿಫ್ಟು ಕಾಸು ಕೇಳುತ್ತದೆ.
ಏರಲು ಇಪ್ಪತ್ತು ತೆತ್ರಿ, ಇಳಿಯಲು ಪುಕ್ಕಟೆ.
ಯಾರೂ ಹೇಳಿರಲಿಲ್ಲ ನಮಗೆ.
ರಾತ್ರಿ ಒಂದೂವರೆ. ಐದು ಪೆಟ್ಟಿಗೆ, ಇಬ್ಬರು ಮಕ್ಕಳು,
ನಿಂತಲ್ಲೇ ತೂಕಡಿಸುವ ಲಾಕ್ಲನ್,
ನನ್ನ ಪರ್ಸಿನಲ್ಲಿ ಹೋಬಾರ್ಟಿನ ಚಿಲ್ಲರೆ:
ಪ್ಲಾಟಿಪಸ್ ಈಜುವ ಇಪ್ಪತ್ತು ಸೆಂಟಿನ ಬಿಲ್ಲೆ.
ಇಪ್ಪತ್ತಕ್ಕೆ ಇಪ್ಪತ್ತು ಸರಿಹೋದೀತೆಂದು ತುರುಕಿದೆ.
ಡಬ್ಬಿಯ ಬಾಯಿ ಚಿಕ್ಕದು, ನಮ್ಮ ನಾಣ್ಯ ಅಗಲ.

ಆಗ ಕಪ್ಪು ಕೋಟಿನ ಮುದುಕಿಯೊಬ್ಬಳು ಒಳಬಂದು
ಮೊದಲು ಪೆಟ್ಟಿಗೆಗಳನ್ನು ಎಣಿಸಿದಳು, ಆಮೇಲೆ ನಮ್ಮನ್ನು.
ಕಾಸು ಹಾಕಿದಳು. ಲಿಫ್ಟು ಹೋಗಿ ಬಂತು. ಮತ್ತೆ ಹಾಕಿದಳು.
ಮೂರು ಸರತಿ, ಮೂರು ಕಾಸು.
ಉಪಕಾರ ನೆನೆಯಲೆಂದು ವಿಮಾನದಲ್ಲಿ ಬಾಯಿಪಾಠ ಮಾಡಿದ ಒಂದೇ ಪದ
ಬೇಕಾದಾಗ ಹಲ್ಲಿನ ಹಿಂದೆ ಅಡಗಿ ಕೂತಿತು.
ಅವಳ ಮನೆ ಎರಡನೇ ಮಹಡಿಯೆಂದು ಆಮೇಲೆ ತಿಳಿಯಿತು.
ಕಾಸು ಮುಗಿದಿತ್ತೋ ಏನೋ, ಮೆಟ್ಟಿಲು ಹತ್ತಿ ಹೋದಳು.

ನಾಲ್ಕಕ್ಕೆ ಎಲ್ಲರಿಗೂ ಎಚ್ಚರ.
ಫರ್ಗಸ್‌ನ ಹೊಟ್ಟೆ ಇನ್ನೂ ಹೋಬಾರ್ಟಿನಲ್ಲೇ ಇದೆ,
ಅಲ್ಲೀಗ ಶಾಲೆಯ ಬಿಡುವು, ತಿಂಡಿಡಬ್ಬಿ ಎಲ್ಲಿ ಅನ್ನುತ್ತದೆ.
ದೋಹಾದಲ್ಲಿ ಕೊಂಡ ಖರ್ಜೂರ, ವಿಮಾನದ ಬಿಸ್ಕತ್ತು ಎರಡು
ಅಡಿಗೆಮನೆಯ ನೆಲದ ಮೇಲೆ ಹರಡಿಕೊಂಡು ತಿಂದೆವು.
ಕುರ್ಚಿಗಳಿದ್ದವು.
ಆದರೆ ಅವು ಕಂಡವರ ಕುರ್ಚಿಗಳು,
ಕಾಲುಕಾಲಿಗೂ ಉಣ್ಣೆಯ ಕಾಲುಚೀಲ ತೊಟ್ಟವು.

ಎರಡನೆಯ ದಿನ ಜಗಳ.
ಪಾಸ್‌ಪೋರ್ಟು ಭದ್ರವಾದ ಜಾಗದಲ್ಲಿಟ್ಟ ಲಾಕ್ಲನ್‌ಗೆ
ಜಾಗ ನೆನಪಿಲ್ಲ.
ಹಾಸಿಗೆ ಮಗುಚಿದೆವು, ಪೆಟ್ಟಿಗೆಗಳ ಹೊಟ್ಟೆ ಬಗೆದೆವು,
ಕಾರು ಮಾರಿ ಹೊರಡುವ ಯೋಚನೆ ಮೊದಲು ಯಾರದು
ಎಂಬಲ್ಲಿಗೆ ಬಂದು ನಿಂತಿತು ಮಾತು.
ಬ್ರೈಡಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.
ಆ ಹೊತ್ತಿಗೆ ಮನೆಯೊಡತಿ ತ್ಸಿಯಾಲಾ ಬಂದಳು,
ಹಚ್ಚಿದರೆ ಹತ್ತದ ಒಲೆಯನ್ನು ನೋಡಲು.
ಬಾಗಿ ಓವನ್ನಿನ ಬಾಗಿಲು ತೆರೆದವಳು
ಹೊರತೆಗೆದಳು: ನೀಲಿ ಪುಸ್ತಕ, ಒಂದು, ಎರಡು, ಮೂರು, ನಾಲ್ಕು.
ಒಂದೊಂದನ್ನೂ ಬಿಡಿಸಿ, ಫೋಟೋ ನೋಡಿ ಮುಖ ನೋಡಿ ಹಂಚಿದಳು,
ಇಸ್ಪೀಟೆಲೆ ಹಂಚುವ ಗತ್ತಿನಲ್ಲಿ.
ನಿನ್ನೆ ಒಲೆ ಹತ್ತದ್ದೇ ಪುಣ್ಯ.
ತಿರುಗಣೆಯನ್ನು ಒಳಕ್ಕೆ ಒತ್ತಿ, ಮೂರೆಣಿಸಿ, ಆಮೇಲೆ ಕಡ್ಡಿ:
ನನ್ನ ಕೈ ಮೇಲೆ ತನ್ನ ಕೈಯಿಟ್ಟು ಕಲಿಸಿದಳು.
ಧಗ್ಗೆಂದು ನೀಲಿ ಹೂವು.

ನೆಲಮಾಳಿಗೆಯಲ್ಲಿ ಗುರಾಮ್‌ನ ರೊಟ್ಟಿಯಂಗಡಿ.
ಬಾವಿಯಂಥ ಒಲೆಗೆ ಸೊಂಟದವರೆಗೆ ಬಾಗಿ
ಒಳಗೋಡೆಗೆ ಹಿಟ್ಟು ಬಡಿಯುತ್ತಾನೆ.
ಫರ್ಗಸ್ ಪ್ರತಿಸಲವೂ ಉಸಿರು ಹಿಡಿದು
ಅವನ ಕಾಲುಗಳನ್ನು ಕಾಯುತ್ತಾನೆ.
ದೋಣಿಯಾಕಾರದ ಬಿಸಿ ರೊಟ್ಟಿ. ಮೂರನೆಯ ದಿನ
ಅದರ ಎರಡು ಮೂತಿಗಳೂ ಎಂಟನೇ ಮಹಡಿ ಮುಟ್ಟಲಿಲ್ಲ.
ಚಿಲ್ಲರೆಯೆಲ್ಲ ಈಗ ಲಿಫ್ಟಿನ ಲೆಕ್ಕ, ಜಾಮಿನ ಬಾಟಲಿಯಲ್ಲಿ.
ಬ್ರೈಡಿ ಅಂಗಡಿ ಬೋರ್ಡಿನ ಅಕ್ಷರಗಳನ್ನು,
ಕಿವಿಯಂತೊಂದು, ಗಾಳದಂತೊಂದು,
ಮುಂಗೈಮೇಲೆ ಬರೆದುಕೊಂಡು
ಸ್ನಾನ ಒಲ್ಲೆನೆನ್ನುತ್ತಾಳೆ.

ಐದನೆಯ ಸಂಜೆ. ಲಿಫ್ಟಿನ ಎದುರು ಅದೇ ಕಪ್ಪು ಕೋಟು,
ಕೈಯಲ್ಲಿ ಹುಳಿ ಪ್ಲಮ್ಮಿನ ಚೀಲ.
ನಾನು ಬಾಯಿ ತೆರೆದೆ. ಈ ಸಲ ಪದ ಬಂತು, ಕೊಂಚ ಮುರಿದು.
ಅವಳು ಅದನ್ನು ರಿಪೇರಿ ಮಾಡಿ ಮರಳಿಸಿದಳು.
ಫರ್ಗಸ್ ಪ್ಲಾಟಿಪಸ್ಸಿನ ಬಿಲ್ಲೆಯನ್ನು ಅವಳ ಅಂಗೈಗಿಟ್ಟ.
ತಿರುಗಿಸಿ ನೋಡಿದಳು: ಬಾತೋ, ಇಲಿಯೋ?
ಅವನು ಕೈಯಲ್ಲಿ ಕೊಕ್ಕು ಮಾಡಿ, ಬಾಲ ಆಡಿಸಿ,
ಕುಕ್ಕರುಗಾಲಲ್ಲಿ ಮೊಟ್ಟೆಯಿಟ್ಟೂ ತೋರಿಸಿದ.
ನಗಲಿಲ್ಲ ಅವಳು. ಸಾಲ ಚುಕ್ತಾ ಎಂಬಂತೆ
ತಲೆಯಾಡಿಸಿ ಕಿಸೆಗೆ ಹಾಕಿದಳು.

ಡಬ್ಬಿಗೆ ಕಾಸು ಹಾಕಿದವನು ಫರ್ಗಸ್.
ಗುಂಡಿ ಒತ್ತಿದವಳು ಬ್ರೈಡಿ: ಎಂಟು.
ಎರಡನ್ನು ಒತ್ತಲು ಯಾರಿಗೂ ನೆನಪಾಗಲಿಲ್ಲ,
ಅವಳಿಗೂ.
ಪ್ಲಮ್ಮಿನ ವಾಸನೆ ತುಂಬಿಕೊಂಡು ಲಿಫ್ಟು ಗರಗರ ಏರಿತು.
ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ,
ಒಳಕ್ಕೆ ಒತ್ತುವುದು, ಒಂದು, ಎರಡು, ಮೂರು,
ಆಮೇಲೆ ಕಡ್ಡಿ.